ಅಂತರ್ಯುದ್ಧಕ್ಕೂ ಮುಂಚೆ ಅಮೆರಿಕದ ಉತ್ತರ, ದಕ್ಷಿಣ ನಿಜಕ್ಕೂ ಅಷ್ಟು ಬೇರೆ ಇದ್ದವಾ?

ಓಹಾಯೋ_ಅಪ್ಪ
ಎಲ್ಲರಿಗೂ ನಮಸ್ಕಾರ. ನಾವಿರುವುದು ಸಿನ್ಸಿನಾಟಿ ಹತ್ತಿರ. ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಅಮೆರಿಕದ ಅಂತರ್ಯುದ್ಧದ ಪಾಠ ಶುರುವಾಗಿದೆ. ಒಂದು ಹಾಳೆ ಕೊಟ್ಟು ತುಂಬಿಸಿಕೊಂಡು ಬನ್ನಿ ಅಂದಿದ್ದಾರೆ. ಎಡಗಡೆ ಉತ್ತರ, ಬಲಗಡೆ ದಕ್ಷಿಣ, ನಡುವೆ ಗೆರೆ. ಅವಳು ಎಡಗಡೆ "ಫ್ಯಾಕ್ಟರಿ, ರೈಲು, ದೊಡ್ಡ ಊರು" ಅಂತ ಬರೆದಳು. ಬಲಗಡೆ "ಹತ್ತಿ, ತೋಟ, ಗುಲಾಮರು". ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ "ಇಷ್ಟೇನಾ ಪಪ್ಪಾ?" ಅಂದಳು. ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದವನು. ಲಿಂಕನ್ ಹೆಸರು ಬಿಟ್ಟರೆ ನನಗೇನೂ ಗೊತ್ತಿಲ್ಲ.

ಇನ್ನೊಂದು ತಲೆನೋವು. ಆಫೀಸಿನಲ್ಲಿ ಜಾರ್ಜಿಯಾ ಕಡೆಯವರೊಬ್ಬರಿದ್ದಾರೆ. ಊಟಕ್ಕೆ ಕೂತಾಗ ಈ ಮಾತು ತೆಗೆದೆ. "ಅದು ಗುಲಾಮಗಿರಿಗಾಗಿ ಆದ ಯುದ್ಧವೇ ಅಲ್ಲ, ರಾಜ್ಯಗಳ ಹಕ್ಕು ಮತ್ತು ಸುಂಕಕ್ಕಾಗಿ ಆದದ್ದು" ಅಂದರು. ಒಳ್ಳೆಯ ಮನುಷ್ಯ, ಜಗಳ ಆಡುವ ಮನಸ್ಸಿಲ್ಲ. ಆದರೆ ಮಗಳಿಗೆ ಏನು ಹೇಳಲಿ?

ಚುರುಮುರಿ
ಮಗಳ ಹೋಮ್‌ವರ್ಕು ಅಪ್ಪನಿಗೆ, ಅಪ್ಪನ ಹೋಮ್‌ವರ್ಕು ನಮಗೆ. ಚೆನ್ನಾಗಿದೆ.

ನಿವೃತ್ತ_ಮೇಷ್ಟ್ರು
ಮಗು ಬರೆದದ್ದು ತಪ್ಪೇನಲ್ಲ, ಅರ್ಧ ಸರಿ. ಉತ್ತರದಲ್ಲೂ ಹೊಲಗದ್ದೆ ಬೇಕಾದಷ್ಟು ಇತ್ತು ಅನ್ನುವುದನ್ನು ಪಠ್ಯಪುಸ್ತಕ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. 1860ರಲ್ಲಿ, ಅಂದರೆ ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಹೋಗಿ ಯುದ್ಧ ಶುರುವಾಗುವ ಮುಂಚಿನ ವರ್ಷ, ಉತ್ತರದ ದುಡಿಯುವವರಲ್ಲಿ ನೂರಕ್ಕೆ ಸುಮಾರು 40 ಮಂದಿ ಬೇಸಾಯದವರೇ. ದಕ್ಷಿಣದಲ್ಲಿ ಅದು 80 ದಾಟುತ್ತಿತ್ತು. ಉತ್ತರದ ಊರುಗಳಲ್ಲಿ ಇದ್ದವರು ಕೂಡ ನಾಲ್ಕರಲ್ಲಿ ಒಬ್ಬರೇ. ಅಂದರೆ ಉತ್ತರ ಅಂದರೆ ಬರೀ ಹೊಗೆ ಕೊಳವೆ ಅಲ್ಲ. ಓಹಾಯೋ, ಇಂಡಿಯಾನ, ಇಲಿನಾಯ್ ಎಲ್ಲ ಗೋಧಿ, ಮೆಕ್ಕೆಜೋಳ, ಹಂದಿ. ನಿಮ್ಮ ಸಿನ್ಸಿನಾಟಿಯನ್ನು ಆಗ "ಪೋರ್ಕೋಪೊಲಿಸ್" ಅಂತಲೇ ಕರೆಯುತ್ತಿದ್ದರು, ಅಷ್ಟು ಹಂದಿಮಾಂಸದ ವ್ಯಾಪಾರ.

ಬೇಸಾಯ ಯಾರು ಮಾಡುತ್ತಿದ್ದರು ಅನ್ನುವುದರಲ್ಲಿತ್ತು ನಿಜವಾದ ವ್ಯತ್ಯಾಸ. ಉತ್ತರದಲ್ಲಿ ಮನೆಯವರು, ಕೂಲಿಯವರು. ದಕ್ಷಿಣದಲ್ಲಿ ಕೊಂಡು ತಂದ ಮನುಷ್ಯರು. ಆ ವರ್ಷದ ಗಣತಿಯಲ್ಲಿ ದೇಶದ ಜನಸಂಖ್ಯೆ 3 ಕೋಟಿ 14 ಲಕ್ಷ. ಅದರಲ್ಲಿ 39 ಲಕ್ಷ 50 ಸಾವಿರಕ್ಕೂ ಹೆಚ್ಚು ಗುಲಾಮರು. ಸೌತ್ ಕ್ಯಾರೊಲಿನಾ, ಮಿಸಿಸಿಪ್ಪಿ ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರೇ.

ಕೂಲಿಗೆ ಜನ ಸಿಗದ ಕಡೆ ಯಂತ್ರ ಬರುತ್ತದೆ. ಕೊಯ್ಲಿನ ಯಂತ್ರದ ಮೆಕಾರ್ಮಿಕ್ ಹುಟ್ಟಿದ್ದು ದಕ್ಷಿಣದ ವರ್ಜೀನಿಯಾದಲ್ಲಿ. ಯಂತ್ರವನ್ನು ಮೊದಲು ಓಡಿಸಿ ತೋರಿಸಿದ್ದೂ ಅಲ್ಲೇ, 1831ರಲ್ಲಿ. ಫ್ಯಾಕ್ಟರಿ ಹಾಕಲು ಮಾತ್ರ 1847ರಲ್ಲಿ ಶಿಕಾಗೋಗೆ ಹೋದ.

ಶಾರ್ಲೆಟ್_ಶಾಲಿನಿ
ನಾನು ನಾರ್ತ್ ಕ್ಯಾರೊಲಿನಾದಲ್ಲಿ 11 ವರ್ಷದಿಂದ ಇದ್ದೇನೆ. "ದಕ್ಷಿಣ" ಅಂತ ಒಂದೇ ಬುಟ್ಟಿಗೆ ಹಾಕಬೇಡಿ. ಇಲ್ಲಿಂದ ಪಶ್ಚಿಮಕ್ಕೆ ಬೆಟ್ಟದ ಕಡೆ ಹೋದರೆ ಬೇರೆಯೇ ಕಥೆ. ಬೆಟ್ಟದಲ್ಲಿ ಹತ್ತಿ ಬೆಳೆಯಲ್ಲ, ಅಲ್ಲಿನ ಬಡ ರೈತರ ಹತ್ತಿರ ಗುಲಾಮರೂ ಕಡಿಮೆ. ಟೆನೆಸ್ಸಿಯ ಪೂರ್ವ ಭಾಗ ಯುದ್ಧ ಮುಗಿಯುವವರೆಗೂ ಒಕ್ಕೂಟದ, ಅಂದರೆ ಉತ್ತರದ ಕಡೆಯ ಪರ ಇತ್ತು. ವರ್ಜೀನಿಯಾದ ಬೆಟ್ಟದ ಜಿಲ್ಲೆಗಳು ತಮ್ಮ ರಾಜ್ಯದಿಂದಲೇ ಒಡೆದುಹೋಗಿ 1863ರಲ್ಲಿ ವೆಸ್ಟ್ ವರ್ಜೀನಿಯಾ ಆದವು.

ಆಮೇಲೆ ಗುಲಾಮರನ್ನು ಇಟ್ಟುಕೊಂಡೂ ದೇಶ ಬಿಡದ ರಾಜ್ಯಗಳು ನಾಲ್ಕು. ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ. ಅವನ್ನು ನಿಮ್ಮ ಮಗಳು ಗೆರೆಯ ಯಾವ ಕಡೆ ಬರೆಯಬೇಕು? ಡೆಲವೇರ್‌ನಲ್ಲಿ ಇದ್ದದ್ದು 1,798 ಗುಲಾಮರು ಮಾತ್ರ.

ಗದಗಿನ_ಹತ್ತಿ
ಉತ್ತರದಲ್ಲೂ ಗುಲಾಮರು ಇದ್ದರು ಮೊದಲು, ಅಲ್ವಾ?

ಶಾರ್ಲೆಟ್_ಶಾಲಿನಿ
ಇದ್ದರು. ನ್ಯೂಯಾರ್ಕ್‌ನಲ್ಲಿ ಪೂರ್ತಿ ನಿಂತಿದ್ದು 1827ರಲ್ಲಿ. ಪೆನ್ಸಿಲ್ವೇನಿಯಾ 1780ರಿಂದ ನಿಧಾನವಾಗಿ ಬಿಡಿಸುತ್ತಾ ಬಂತು. ನ್ಯೂಜೆರ್ಸಿಯಲ್ಲಂತೂ 1860ರ ಗಣತಿಯಲ್ಲೂ 18 ಜನ ಉಳಿದಿದ್ದರು. "ಆಜೀವ ಅಪ್ರೆಂಟಿಸ್" ಅಂತ ಹೆಸರು ಬದಲಾಯಿಸಿದ್ದರು ಅಷ್ಟೇ.

ಚುರುಮುರಿ
ಹೆಸರು ಬದಲಾಯಿಸುವುದರಲ್ಲಿ ಸರ್ಕಾರಗಳು ಎಲ್ಲಾ ಕಾಲಕ್ಕೂ ಒಂದೇ.

ವಕೀಲ_ಸಾಹೇಬ್
ಸ್ವಲ್ಪ ತಡೆಯಿರಿ. ಜಾರ್ಜಿಯಾದವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 1828ರಲ್ಲಿ ಹೊರದೇಶದ ಸಾಮಾನಿಗೆ ಭಾರೀ ಸುಂಕ ಹಾಕಿದರು. ಉತ್ತರದ ಮಿಲ್‌ಗಳಿಗೆ ಲಾಭ, ಇಂಗ್ಲೆಂಡಿಗೆ ಹತ್ತಿ ಮಾರಿ ಅಲ್ಲಿಂದ ಸಾಮಾನು ತರಿಸುವ ದಕ್ಷಿಣದವರಿಗೆ ಏಟು. ಸೌತ್ ಕ್ಯಾರೊಲಿನಾ 1832ರಲ್ಲಿ "ಈ ಕಾನೂನು ನಮ್ಮ ರಾಜ್ಯದಲ್ಲಿ ನಡೆಯಲ್ಲ" ಅಂತ ಘೋಷಿಸಿತು. ಹಿಂದೆ ನಿಂತವನು ಆ ರಾಜ್ಯದ ನಾಯಕ ಕ್ಯಾಲ್ಹೂನ್. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೈನ್ಯ ಕಳಿಸುತ್ತೇನೆ ಅಂದ. 1833ರಲ್ಲಿ ಸುಂಕ ಇಳಿಸಿ ರಾಜಿ ಮಾಡಿಕೊಂಡರು. ಇದು ನಿಜವಾದ ತಕರಾರು, ಸುಮ್ನೆ ನೆಪ ಅಲ್ಲ. ರಾಜ್ಯಗಳು ಸ್ವಂತ ಇಚ್ಛೆಯಿಂದ ಸೇರಿದ್ದರೆ ಸ್ವಂತ ಇಚ್ಛೆಯಿಂದ ಬಿಡಬಹುದೇ ಅನ್ನುವುದು ಕಾನೂನಿನ ಪ್ರಶ್ನೆ. ಅದಕ್ಕೆ ಸಂವಿಧಾನದಲ್ಲಿ ನೇರ ಉತ್ತರ ಇರಲಿಲ್ಲ.

ನಿವೃತ್ತ_ಮೇಷ್ಟ್ರು
ವಕೀಲರೇ, 1832ಕ್ಕೆ ಒಪ್ಪಿದೆ. ಆದರೆ 1860ಕ್ಕೆ ಅದೇ ಉತ್ತರ ಒಪ್ಪಲ್ಲ. 1857ರಲ್ಲಿ ಸುಂಕವನ್ನು ಇನ್ನಷ್ಟು ಇಳಿಸಿದ್ದರು, ದಕ್ಷಿಣದವರ ಒಪ್ಪಿಗೆಯ ಮೇಲೇ. ಜಾಸ್ತಿ ಸುಂಕದ ಮಾರಿಲ್ ಕಾಯ್ದೆ ಆದದ್ದು 1861ರ ಮಾರ್ಚ್ 2ಕ್ಕೆ. ಅಷ್ಟೊತ್ತಿಗೆ ಏಳು ರಾಜ್ಯಗಳು ಎದ್ದು ಹೋಗಿದ್ದವು. ಅವರು ಎದ್ದು ಹೋಗಿದ್ದಕ್ಕೇ ಆ ಮಸೂದೆ ಸೆನೆಟ್‌ನಲ್ಲಿ ಪಾಸಾಯಿತು. ಸುಂಕಕ್ಕೆ ಹೆದರಿ ಬಿಟ್ಟರು ಅನ್ನುವುದು ಮದುವೆಗೆ ಮುಂಚೆ ನಾಮಕರಣ ಮಾಡಿದ ಹಾಗೆ.

ಇನ್ನು ಬಿಟ್ಟು ಹೋಗುವಾಗ ಅವರೇ ಕಾರಣ ಬರೆದಿಟ್ಟಿದ್ದಾರಲ್ಲ. ಮಿಸಿಸಿಪ್ಪಿಯ ಘೋಷಣೆಯ ಶುರುವಿನಲ್ಲೇ, ನಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಇದೆ. ಬಿಟ್ಟು ಹೋದವರು ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಭಾಷಣ ಮಾಡಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಇದು ಅಂದ. ಸವಾನಾ ಇರುವುದು ಜಾರ್ಜಿಯಾದಲ್ಲೇ. ನಿಮ್ಮ ಸಹೋದ್ಯೋಗಿಗೆ ಮೆಲ್ಲಗೆ ಹೇಳಿ.

ವಕೀಲ_ಸಾಹೇಬ್
ಮೇಷ್ಟ್ರೇ, ರಾಜಕಾರಣಿ ಭಾಷಣದಲ್ಲಿ ಹೇಳಿದ್ದನ್ನೆಲ್ಲ ಸಾಕ್ಷಿ ಅಂತ ತಗೊಂಡರೆ ನಮ್ಮ ಕೋರ್ಟು ನಡೆಯಲ್ಲ.

ಕಾನೂನು_ಕಲಿತವಳು
ಹಾಗಾದರೆ ಭಾಷಣ ಬಿಡಿ, ಕಾನೂನೇ ನೋಡೋಣ ಸಾರ್. 1850ರ ಓಡಿಹೋದ ಗುಲಾಮರ ಕಾಯ್ದೆ. ಗುಲಾಮ ಉತ್ತರಕ್ಕೆ ತಪ್ಪಿಸಿಕೊಂಡು ಹೋದರೆ ಅಲ್ಲಿನವರೇ ಹಿಡಿದು ಕೊಡಬೇಕು. ವಿಚಾರಣೆಗೆ ಜ್ಯೂರಿ ಇಲ್ಲ. ಹಿಡಿದು ತಂದ ಮನುಷ್ಯನಿಗೆ ಮಾತಾಡಲು ಅವಕಾಶ ಇಲ್ಲ. ಅಧಿಕಾರಿ "ಇವನು ಗುಲಾಮನೇ" ಅಂತ ತೀರ್ಪು ಕೊಟ್ಟರೆ 10 ಡಾಲರ್ ಫೀಸು, "ಅಲ್ಲ" ಅಂದರೆ 5 ಡಾಲರ್. ಕಾಗದದ ಕೆಲಸ ಜಾಸ್ತಿ ಅನ್ನುವುದು ಅದಕ್ಕೆ ಕೊಟ್ಟ ಕಾರಣ!

ಇದರಲ್ಲಿ ರಾಜ್ಯದ ಹಕ್ಕು ಕೇಳಿದವರು ಯಾರು? ಉತ್ತರದವರು. ವಿಸ್ಕಾನ್ಸಿನ್‌ನಲ್ಲಿ 1854ರಲ್ಲಿ ಜೋಶುವಾ ಗ್ಲೋವರ್ ಅನ್ನುವವನನ್ನು ಜನ ಜೈಲು ಒಡೆದು ಬಿಡಿಸಿದರು. ಆ ರಾಜ್ಯದ ಸುಪ್ರೀಂ ಕೋರ್ಟೇ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂದಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಅದೇ 1854ರಲ್ಲಿ ಬಾಸ್ಟನ್‌ನಿಂದ ಆಂಥನಿ ಬರ್ನ್ಸ್ ಎಂಬ ಒಬ್ಬನೇ ಒಬ್ಬನನ್ನು ವಾಪಸು ಕಳಿಸಲು ಸೈನ್ಯವನ್ನೇ ಬೀದಿಗೆ ಇಳಿಸಿದರು. ಆಗ ದಕ್ಷಿಣದವರು "ಕೇಂದ್ರ ಸರ್ಕಾರ ಅತಿ ಮಾಡುತ್ತಿದೆ" ಅಂದರಾ? ಸೌತ್ ಕ್ಯಾರೊಲಿನಾ ಬಿಟ್ಟು ಹೋಗುವಾಗ ಕೊಟ್ಟ ದೂರುಗಳಲ್ಲಿ ಒಂದು, ನ್ಯೂಯಾರ್ಕ್‌ನಲ್ಲಿ ನಮ್ಮ ಗುಲಾಮರನ್ನು ಕರೆದುಕೊಂಡು ಹಾದುಹೋಗಲೂ ಬಿಡುತ್ತಿಲ್ಲ ಅಂತ. ನ್ಯೂಯಾರ್ಕಿಗೆ ರಾಜ್ಯದ ಹಕ್ಕು ಇರಲಿಲ್ಲವಾ ಹಾಗಾದರೆ?

ವಕೀಲ_ಸಾಹೇಬ್
ಈ ಪಾಯಿಂಟು ಒಳ್ಳೆಯದು. ಒಪ್ಪಿದೆ ಅಂತಲ್ಲ, ಒಳ್ಳೆಯದು ಅಂದೆ.

ಚುರುಮುರಿ
ವಕೀಲರು ಇಷ್ಟು ಅಂದರೆ ಗೆದ್ದ ಹಾಗೆಯೇ, ಅಕ್ಕ.

ರೈಲುಹುಚ್ಚ
ಯಾರೂ ರೈಲಿನ ವಿಷಯ ಮಾತಾಡಿಲ್ಲ. 1860ರಲ್ಲಿ ಇಡೀ ದೇಶದಲ್ಲಿ ಸುಮಾರು 30,000 ಮೈಲಿ ಹಳಿ ಇತ್ತು. ಆಮೇಲೆ ಬಿಟ್ಟು ಹೋದ 11 ರಾಜ್ಯಗಳಲ್ಲಿ ಇದ್ದದ್ದು ಸುಮಾರು 9,000. ಆ ಹಳಿಯಾದರೂ ಎಲ್ಲಿಂದ ಎಲ್ಲಿಗೆ? ಹೆಚ್ಚಿನವು ಹತ್ತಿ ಬೆಳೆಯುವ ಒಳನಾಡಿನಿಂದ ಬಂದರಿಗೆ ಅಥವಾ ನದಿಗೆ. ಊರಿಂದ ಊರಿಗೆ ಜೋಡಿಸುವುದಕ್ಕಿಂತ ಹತ್ತಿ ಸಾಗಿಸುವುದೇ ಮುಖ್ಯ. ಉತ್ತರದಲ್ಲಿ ಹಳಿಗಳು ಪೂರ್ವ-ಪಶ್ಚಿಮವಾಗಿ ಹರಡಿದವು. ಶಿಕಾಗೋದ ಗೋಧಿ ನೇರ ನ್ಯೂಯಾರ್ಕಿಗೆ. ಮೊದಲು 1825ರಲ್ಲಿ ಈರಿ ಕಾಲುವೆ, ಆಮೇಲೆ ರೈಲು. ಅದಕ್ಕೂ ಮುಂಚೆ ಓಹಾಯೋದವರ ಮಾಲು ಮಿಸಿಸಿಪ್ಪಿ ನದಿ ಹಿಡಿದು ನ್ಯೂ ಆರ್ಲಿಯನ್ಸ್‌ಗೆ ಇಳಿಯುತ್ತಿತ್ತು. ವ್ಯಾಪಾರದ ದಿಕ್ಕು ತಿರುಗಿತು, ನಂಟಸ್ತನದ ದಿಕ್ಕೂ ತಿರುಗಿತು.

ದಕ್ಷಿಣದ ಹೆಚ್ಚಿನ ಕಡೆ ಹಳಿಯ ಅಗಲ 5 ಅಡಿ. ಉತ್ತರದಲ್ಲಿ ಹೆಚ್ಚು ಕಡೆ 4 ಅಡಿ ಎಂಟೂವರೆ ಇಂಚು. ಯುದ್ಧ ಮುಗಿದು 20 ವರ್ಷ ಆದ ಮೇಲೆ, 1886ರ ಮೇ ಕೊನೆಗೆ, ಎರಡೇ ದಿನದಲ್ಲಿ ದಕ್ಷಿಣದ ಸಾವಿರಾರು ಮೈಲಿ ಹಳಿಯನ್ನು ಒಳಕ್ಕೆ ಸರಿಸಿದರು. ಆ ಕಥೆ ಹೇಳಲು ಹೊರಟರೆ

ನಿರ್ವಾಹಕ
ಬೇರೆ ಎಳೆ ತೆರೆಯಿರಿ, ಅಣ್ಣ. ಕಳೆದ ಸಲದ ಗೇಜ್ ಚರ್ಚೆ 400 ಪ್ರತಿಕ್ರಿಯೆಗೆ ಹೋಗಿತ್ತು.

ಓಹಾಯೋ_ಅಪ್ಪ
ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ (ನಾನು ಓದಿ ಹೇಳುತ್ತಿದ್ದೇನೆ, ಅವಳಿಗೆ ಕನ್ನಡ ಓದಲು ಕಷ್ಟ). ಅವಳ ಪ್ರಶ್ನೆ: ಗುಲಾಮರನ್ನು ಇಟ್ಟುಕೊಳ್ಳದ ಬಡ ಬಿಳಿಯರು ಯಾಕೆ ಯುದ್ಧಕ್ಕೆ ಹೋದರು?

ಶಾರ್ಲೆಟ್_ಶಾಲಿನಿ
ಪುಟ್ಟಿ ಬುದ್ಧಿವಂತೆ. ಬಿಟ್ಟು ಹೋದ ರಾಜ್ಯಗಳನ್ನು ಒಟ್ಟು ಲೆಕ್ಕ ಹಾಕಿದರೆ, ಮೂರು ಕುಟುಂಬಕ್ಕೆ ಹೆಚ್ಚು ಕಡಿಮೆ ಒಂದು ಕುಟುಂಬ ಗುಲಾಮರನ್ನು ಇಟ್ಟುಕೊಂಡಿತ್ತು. ಮಿಸಿಸಿಪ್ಪಿಯಲ್ಲಿ ಸುಮಾರು ಅರ್ಧ. ಉಳಿದವರಿಗೂ ಒಂದಲ್ಲ ಒಂದು ನಂಟು. ಸುಗ್ಗಿಯಲ್ಲಿ ಬಾಡಿಗೆಗೆ ಗುಲಾಮರನ್ನು ತರುವವರು, ದೊಡ್ಡ ಜಮೀನುದಾರನ ಜಿನ್‌ನಲ್ಲಿ (ಹತ್ತಿಯ ಬೀಜ ಬಿಡಿಸುವ ಯಂತ್ರ) ತಮ್ಮ ನಾಲ್ಕು ಮೂಟೆ ಹತ್ತಿ ಹಾಕಿಸುವವರು, ಮುಂದೊಂದು ದಿನ ನಾನೂ ಒಬ್ಬನನ್ನು ಕೊಳ್ಳುತ್ತೇನೆ ಅಂತ ಆಸೆ ಇದ್ದವರು. ಅದಕ್ಕಿಂತ ಹೆಚ್ಚಾಗಿ, ಎಷ್ಟೇ ಬಡವನಾದರೂ ತನಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನುವ ಸಮಾಧಾನ. ಇದು ನಮ್ಮ ಊರಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಾರ್ಲ್ಸ್‌ಟನ್ ಹತ್ತಿರ ಒಂದು ಹಳೇ ತೋಟದ ಮನೆ ನೋಡಲು ಹೋಗಿದ್ದೆವು, ಕೆಲವು ವರ್ಷದ ಹಿಂದೆ. ತೋರಿಸಿದಾಕೆ ಒಂದು ಗಂಟೆ ಬೆಳ್ಳಿ ಚಮಚ, ಗೊಂಚಲು ದೀಪ, ಮದುವೆ ಸೀರೆ ಥರದ ಗೌನು, ಇದನ್ನೇ ಹೇಳಿದರು. ನನ್ನ ಅತ್ತೆ ಇಂಗ್ಲಿಷು ಅಷ್ಟು ಬರದಿದ್ದರೂ ಹಿತ್ತಲ ಕಡೆ ಕೈ ತೋರಿಸಿ "ಆ ಸಣ್ಣ ಗುಡಿಸಲು ಯಾರದ್ದು ಕೇಳೇ" ಅಂದರು. ಕೇಳಿದೆ. "ಅಲ್ಲಿಗೆ ಇವತ್ತು ಟೂರ್ ಇಲ್ಲ" ಅಂದರು.

ಮೈಸೂರ್_ಮಲ್ಲಿಗೆ
ಓದುತ್ತಾ ನಮ್ಮ ಉತ್ತರ ಕರ್ನಾಟಕ, ಹಳೇ ಮೈಸೂರು ತಕರಾರೇ ನೆನಪಾಯಿತು. ನೀರು, ರೈಲು, ಅನುದಾನ...

ಗದಗಿನ_ಹತ್ತಿ
ಬೇಡ ತಾಯಿ. ನಮಗೆ ನಿಮ್ಮ ಮೇಲೆ ಸಿಟ್ಟಿದೆ, ಆದರೆ ಅದು ಬಸ್ಸು ಮತ್ತು ಆಸ್ಪತ್ರೆಗಾಗಿ. ಯಾರೂ ಯಾರನ್ನೂ ಹರಾಜು ಹಾಕುತ್ತಿಲ್ಲ. ಹೋಲಿಕೆ ಸರಿ ಕೂರಲ್ಲ.

ಮೈಸೂರ್_ಮಲ್ಲಿಗೆ
ಅದೂ ನಿಜ. ವಾಪಸು ತಗೊಂಡೆ.

ನಿವೃತ್ತ_ಮೇಷ್ಟ್ರು
ಹರಾಜು ಅಂದಿರಿ, ಅದನ್ನೇ ಸ್ವಲ್ಪ ಹೇಳಬೇಕು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ನಿಷೇಧ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಹೊಗೆಸೊಪ್ಪು ಬೆಳೆದು ಬೆಳೆದು ಮಣ್ಣು ಸತ್ತಿತ್ತು. ಗುಲಾಮಗಿರಿ ತಾನಾಗಿ ಬತ್ತಿಹೋಗುತ್ತದೆ ಅಂತ ಕೆಲವರು ನಂಬಿದ್ದರು. ಅಷ್ಟರಲ್ಲಿ ಎಲಿ ವಿಟ್ನಿಯ ಜಿನ್ ಬಂದಾಗಿತ್ತು, 1793ರಲ್ಲಿ. ಒಳನಾಡಿನಲ್ಲಿ ಬೆಳೆಯುವ ಸಣ್ಣ ಎಳೆಯ ಹತ್ತಿಯಿಂದ ಬೀಜ ಬಿಡಿಸುವುದು ಕೈಯಲ್ಲಿ ದಿನಗಟ್ಟಲೆ ಕೆಲಸ. ಯಂತ್ರ ಅದನ್ನು ಗಂಟೆಗೆ ಇಳಿಸಿತು. 1790ರಲ್ಲಿ ಕೆಲವೇ ಸಾವಿರ ಬೇಲ್ ಇದ್ದ ಹತ್ತಿ 1860ಕ್ಕೆ 40 ಲಕ್ಷ ಬೇಲ್ ಆಯಿತು. ಇಡೀ ದೇಶದ ರಫ್ತಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದ್ದೇ.

ಬೀಜ ಬಿಡಿಸಲು ಯಂತ್ರ ಬಂತು, ಹತ್ತಿ ಕೀಳಲು ಬರಲಿಲ್ಲ. ಅದಕ್ಕೆ ಕೈಗಳೇ ಬೇಕು. ಹಾಗಾಗಿ ಮೇಲಿನ ದಕ್ಷಿಣದಿಂದ ಕೆಳಗಿನ ದಕ್ಷಿಣಕ್ಕೆ, ಅಂದರೆ ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾ ಕಡೆಗೆ, ಯುದ್ಧದ ಹೊತ್ತಿಗೆ ಸುಮಾರು 10 ಲಕ್ಷ ಜನರನ್ನು ಸಾಗಿಸಿದರು. ಸರಪಳಿ ಹಾಕಿ ನಡೆಸಿಕೊಂಡು, ಹಡಗಿನಲ್ಲಿ, ಆಮೇಲೆ ರೈಲಿನಲ್ಲೂ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಗು ಇನ್ನೊಂದು ಕಡೆ. ವರ್ಜೀನಿಯಾಕ್ಕೆ ಮನುಷ್ಯರೇ ಬೆಳೆ ಆದರು. 1860ರಲ್ಲಿ ಗುಲಾಮರ ಒಟ್ಟು "ಬೆಲೆ" ಅಂದಾಜು 300 ಕೋಟಿ ಡಾಲರಿಗೂ ಮೇಲೆ. ದೇಶದ ಎಲ್ಲ ರೈಲು, ಎಲ್ಲ ಫ್ಯಾಕ್ಟರಿ ಸೇರಿಸಿದರೂ ಅದಕ್ಕಿಂತ ಕಡಿಮೆ. ಅಷ್ಟು ಆಸ್ತಿಯನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ?

ಗದಗಿನ_ಹತ್ತಿ
ಹತ್ತಿ ಅಂದ ಮೇಲೆ ನಾನು ಸುಮ್ಮನಿರಲಾಗದು. ನಮ್ಮ ಅಜ್ಜನ ಕಾಲದಿಂದ ಹತ್ತಿ ವ್ಯಾಪಾರ. ಆ ವಿಟ್ನಿಯ ಜಿನ್ ನಮ್ಮ ಧಾರವಾಡ ಸೀಮೆಗೂ ಬಂದಿದೆ. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಯುವವರನ್ನೇ ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ಬೇರೆ ಕಡೆಗಳಲ್ಲಿ ಅಷ್ಟಾಗಿ ಹಿಡಿಯಲಿಲ್ಲ, ನಮ್ಮ ಕರಿ ಮಣ್ಣಿನಲ್ಲಿ ಹಿಡಿಯಿತು. ಅದಕ್ಕೆ ಪೇಟೆಯಲ್ಲಿ "ಧಾರವಾಡ ಅಮೆರಿಕನ್" ಅಂತಲೇ ಹೆಸರು. ನಮ್ಮ ನಾಟಿ ಹತ್ತಿಗೆ "ಕುಮಟಾ" ಅಂತ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುತ್ತಾರಾ? ಇಲ್ಲ! ನಮ್ಮ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಕೊಂಡವನಿಗೆ ಗೊತ್ತಿದ್ದದ್ದು ಬಂದರಿನ ಹೆಸರು.

ಯುದ್ಧ ಶುರುವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರು ಮುಚ್ಚಿದಾಗ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಇಲ್ಲ. ಅವರಿಗೆ ಮುಕ್ಕಾಲು ಪಾಲು ಹತ್ತಿ ಅಲ್ಲಿಂದಲೇ ಬರುತ್ತಿತ್ತು. ಆಗ ಮುಂಬೈ ಪೇಟೆಯಲ್ಲಿ ಬೆಲೆ ಆಕಾಶಕ್ಕೆ. ಧಾರವಾಡದ ಹತ್ತಿ ಸಾಗಿಸಲು ಒಳ್ಳೆಯ ಬಂದರು ಬೇಕು ಅಂತ ಕಾರವಾರದ ಮೇಲೆ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಇದೂ ಇದೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬೈಯಲ್ಲಿ ಸಾಹುಕಾರರು ದಿವಾಳಿ.

ರೈಲುಹುಚ್ಚ
ಅಂದರೆ ಕಾರವಾರದವರು ಮುಂಬೈ ಪ್ರಾಂತ್ಯಕ್ಕೆ ಹೋಗಿದ್ದಕ್ಕೆ ಸೌತ್ ಕ್ಯಾರೊಲಿನಾ ಕಾರಣ?

ಗದಗಿನ_ಹತ್ತಿ
ಒಂದು ಅಂಡಿಗೆಯಷ್ಟು ಕಾರಣ.

ಕಾರವಾರ_ಮೀನು
ನಮಗೆ ಅಷ್ಟು ಮಾಡಿಯೂ ರೈಲು ಬಂದಿದ್ದು 1990ರ ದಶಕದಲ್ಲಿ. ಇದನ್ನೂ ಇಲ್ಲಿ ದಾಖಲಿಸಿ.

ಕಾನೂನು_ಕಲಿತವಳು
ಹತ್ತಿ ವಿಷಯದಲ್ಲಿ ಉತ್ತರದವರೂ ಸಾಚಾ ಅಲ್ಲ. ಮ್ಯಾಸಚೂಸೆಟ್ಸ್‌ನ ಲೋವೆಲ್ ಮಿಲ್ಲುಗಳಿಗೆ ಹತ್ತಿ ಎಲ್ಲಿಂದ ಬಂತು? ದಕ್ಷಿಣದ ಗುಲಾಮರ ಕೈಯಿಂದ. ರೋಡ್ ಐಲ್ಯಾಂಡ್‌ನ ಮಿಲ್ಲುಗಳು ಗುಲಾಮರಿಗೆ ತೊಡಿಸುವ ಒರಟು ಬಟ್ಟೆ ನೇಯ್ದು ವಾಪಸು ದಕ್ಷಿಣಕ್ಕೇ ಮಾರುತ್ತಿದ್ದವು. ಸಾಲ, ವಿಮೆ, ಹಡಗು ಎಲ್ಲಾ ನ್ಯೂಯಾರ್ಕಿನವರದ್ದು. 1861ರ ಜನವರಿಯಲ್ಲಿ ಆ ಊರಿನ ಮೇಯರ್ ಫರ್ನಾಂಡೊ ವುಡ್, ನ್ಯೂಯಾರ್ಕ್ ನಗರವೂ ಒಕ್ಕೂಟ ಬಿಟ್ಟು ಸ್ವತಂತ್ರ ಊರಾಗಲಿ ಅಂತ ಸಲಹೆ ಕೊಟ್ಟಿದ್ದ. ವ್ಯಾಪಾರ ಕೆಡಬಾರದಲ್ಲ.

ಫ್ರೆಡರಿಕ್ ಡಗ್ಲಸ್ ಗೊತ್ತಲ್ವಾ? ಬಾಲ್ಟಿಮೋರ್‌ನಲ್ಲಿ ಗುಲಾಮನಾಗಿ ಹಡಗಿನ ಹಲಗೆ ಸಂದಿಗೆ ನಾರು ತುಂಬುವ ಕೆಲಸ ಕಲಿತವರು. 1838ರಲ್ಲಿ ತಪ್ಪಿಸಿಕೊಂಡು ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಸೇರಿದರು. ಗುಲಾಮಗಿರಿ ಇಲ್ಲದ ಊರು. ಅಲ್ಲಿ ಆ ಕೆಲಸ ಕೇಳಿದರೆ, ಕರಿಯ ಬಂದರೆ ನಾವು ಕೆಲಸ ಬಿಡುತ್ತೇವೆ ಅಂದರು ಬಿಳಿ ಕೆಲಸಗಾರರು. ಕೊನೆಗೆ ಕೂಲಿ ಮಾಡಿ ಬದುಕಿದರು. ಇಲಿನಾಯ್ ಅಂತೂ 1853ರಲ್ಲಿ ಕಪ್ಪು ಜನ ನಮ್ಮ ರಾಜ್ಯಕ್ಕೆ ಬಂದು ನೆಲೆಸುವಂತಿಲ್ಲ ಅಂತ ಕಾನೂನು ಮಾಡಿತು. ಲಿಂಕನ್ನನ ರಾಜ್ಯ ಅದು!

ವಕೀಲ_ಸಾಹೇಬ್
ಇದನ್ನೇ ನಾನು ಹೇಳಲು ಬಂದದ್ದು. ಉತ್ತರ ದೇವರು, ದಕ್ಷಿಣ ದೆವ್ವ ಅಂತ ಬರೆಸಬೇಡಿ ಆ ಮಗುವಿನ ಕೈಯಲ್ಲಿ.

ನಿವೃತ್ತ_ಮೇಷ್ಟ್ರು
ಯಾರೂ ಬರೆಸುತ್ತಿಲ್ಲ. ಆದರೆ ಇಬ್ಬರೂ ಒಂದೇ ಅಂತಲೂ ಬರೆಸಬೇಡಿ. ನ್ಯೂ ಬೆಡ್‌ಫರ್ಡ್‌ನಲ್ಲಿ ಡಗ್ಲಸ್‌ಗೆ ಕೆಲಸ ಸಿಗಲಿಲ್ಲ, ಆದರೆ ಯಾರೂ ಅವರನ್ನು ಮಾರುವಂತಿರಲಿಲ್ಲ. ಪತ್ರಿಕೆ ಶುರು ಮಾಡಿದರು, ಭಾಷಣ ಮಾಡಿದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮನಿಗೆ ಓದು ಕಲಿಸುವುದೇ ಅಪರಾಧ.

ಫ್ಯಾಕ್ಟರಿ ಉತ್ತರಕ್ಕೆ, ಗುಲಾಮರು ದಕ್ಷಿಣಕ್ಕೆ ಅನ್ನುವುದಕ್ಕೂ ಒಂದು ತಿದ್ದುಪಡಿ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಟ್ರೆಡೆಗರ್ ಅಂತ ದೊಡ್ಡ ಕಬ್ಬಿಣದ ಕಾರ್ಖಾನೆ ಇತ್ತು. ಅಲ್ಲಿ ಕುಲುಮೆ ಮುಂದೆ ದುಡಿದವರಲ್ಲೂ ಗುಲಾಮರಿದ್ದರು. 1847ರಲ್ಲಿ ಬಿಳಿ ಕೆಲಸಗಾರರು ಅದಕ್ಕೇ ಮುಷ್ಕರ ಹೂಡಿ ಸೋತರು.

ಮೈಸೂರ್_ಮಲ್ಲಿಗೆ
ಒಂದು ಸಣ್ಣ ಪ್ರಶ್ನೆ. ಇಷ್ಟು ವರ್ಷ ಹೇಗೋ ಒಟ್ಟಿಗೆ ಇದ್ದವರು 1860ಕ್ಕೇ ಯಾಕೆ ಒಡೆದರು?

ಕಾನೂನು_ಕಲಿತವಳು
ಪಶ್ಚಿಮದ ಹೊಸ ಜಾಗಕ್ಕಾಗಿ. ಹಳೇ ಮನೆಯಲ್ಲಿ ಅಣ್ಣತಮ್ಮಂದಿರು ಹೊಂದಿಕೊಂಡು ಇರುತ್ತಾರೆ, ಹೊಸ ಸೈಟು ಬಂದಾಗ ಜಗಳ. 1820ರಲ್ಲಿ ನಕ್ಷೆ ಮೇಲೆ ಗೆರೆ ಎಳೆದು ರಾಜಿ: ಮಿಸೌರಿ ಒಂದನ್ನು ಬಿಟ್ಟು ಆ ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಮೆಕ್ಸಿಕೋ ಯುದ್ಧದಲ್ಲಿ ಅಷ್ಟು ದೊಡ್ಡ ನೆಲ ಸಿಕ್ಕಾಗ ಮತ್ತೆ ಕಿತ್ತಾಟ, 1850ರಲ್ಲಿ ಮತ್ತೆ ರಾಜಿ. 1854ರಲ್ಲಿ ಸ್ಟೀಫನ್ ಡಗ್ಲಸ್ (ಫ್ರೆಡರಿಕ್ ಅಲ್ಲ, ಬೇರೆ) ಆ ಹಳೇ ಗೆರೆಯನ್ನೇ ಅಳಿಸಿ, ಕ್ಯಾನ್ಸಸ್‌ನಲ್ಲಿ ಅಲ್ಲಿನ ಜನರೇ ತೀರ್ಮಾನ ಮಾಡಲಿ ಅಂದ. ಎರಡೂ ಕಡೆಯವರು ಬಂದೂಕು ಹಿಡಿದು ಓಟು ಹಾಕಲು ಬಂದರು. 1857ರಲ್ಲಿ ದೇಶದ ಸುಪ್ರೀಂ ಕೋರ್ಟಿನ ಡ್ರೆಡ್ ಸ್ಕಾಟ್ ತೀರ್ಪು. ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ ಅಂತ. ರಾಜಿಯ ಬಾಗಿಲೇ ಮುಚ್ಚಿತು.

ನಿವೃತ್ತ_ಮೇಷ್ಟ್ರು
ಇದರ ಜೊತೆಗೆ ಮಾತು ನಿಂತಿತು ಅನ್ನುವುದನ್ನೂ ಸೇರಿಸಿ. ಮೆಥಡಿಸ್ಟ್ ಚರ್ಚು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಇದೇ ವಿಷಯಕ್ಕೆ ಎರಡಾದರು. ದೇವರ ಮುಂದೆಯೇ ಒಟ್ಟಿಗೆ ಕೂರಲು ಆಗದವರು ಪಾರ್ಲಿಮೆಂಟಿನಲ್ಲಿ ಎಷ್ಟು ದಿನ ಕೂತಾರು? 1856ರ ಮೇ 22ರಂದು ಸೌತ್ ಕ್ಯಾರೊಲಿನಾದ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಒಳಗೇ ಹೋಗಿ ಮ್ಯಾಸಚೂಸೆಟ್ಸ್‌ನ ಚಾರ್ಲ್ಸ್ ಸಮ್ನರ್ ತಲೆಗೆ ಬೆತ್ತ ಮುರಿಯುವವರೆಗೆ ಬಾರಿಸಿದ. ಸಮ್ನರ್ ಪೂರ್ತಿ ಕೆಲಸಕ್ಕೆ ಮರಳಲು ಮೂರು ವರ್ಷ ಬೇಕಾಯಿತು. ಬ್ರೂಕ್ಸ್‌ಗೆ ಊರಿನವರು ಹೊಸ ಬೆತ್ತಗಳನ್ನು ಉಡುಗೊರೆ ಕಳಿಸಿದರು. ರಾಜೀನಾಮೆ ಕೊಟ್ಟು ಮತ್ತೆ ಗೆದ್ದೂ ಬಂದ.

1860ರ ಚುನಾವಣೆಯಲ್ಲಿ ನಾಲ್ವರು ನಿಂತರು. ಲಿಂಕನ್‌ಗೆ ನೂರಕ್ಕೆ 40ಕ್ಕಿಂತ ಸ್ವಲ್ಪ ಕಡಿಮೆ ಓಟು. ಕೆಳಗಿನ ದಕ್ಷಿಣದ ರಾಜ್ಯಗಳಲ್ಲಿ ಮತಪತ್ರದಲ್ಲಿ ಅವನ ಹೆಸರೇ ಇರಲಿಲ್ಲ. ಆದರೂ ಗೆದ್ದ. ದಕ್ಷಿಣದ ಒಂದೂ ಓಟಿಲ್ಲದೆ ದೇಶ ಆಳಬಹುದು ಅನ್ನುವುದು ಗೊತ್ತಾದ ಮೇಲೆ ಅವರು ಕೂರಲಿಲ್ಲ. ಡಿಸೆಂಬರ್ 20ಕ್ಕೆ ಸೌತ್ ಕ್ಯಾರೊಲಿನಾ ಹೊರಟಿತು.

ಚುರುಮುರಿ
ಲಿಂಕನ್ ಯಾವ ಕಡೆಯವನು ಹುಟ್ಟಿನಿಂದ?

ಶಾರ್ಲೆಟ್_ಶಾಲಿನಿ
ಕೆಂಟಕಿ! ಗುಲಾಮರಿದ್ದ ರಾಜ್ಯ. 1809. ಬಿಟ್ಟು ಹೋದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಕೂಡ ಕೆಂಟಕಿಯಲ್ಲೇ ಹುಟ್ಟಿದ್ದು, 1808ರಲ್ಲಿ. ಒಂದು ಕುಟುಂಬ ಉತ್ತರಕ್ಕೆ ಇಂಡಿಯಾನಕ್ಕೆ ಹೋಯಿತು, ಇನ್ನೊಂದು ದಕ್ಷಿಣಕ್ಕೆ ಮಿಸಿಸಿಪ್ಪಿಗೆ.

ಓಹಾಯೋ_ಅಪ್ಪ
ಇದನ್ನು ಕೇಳಿ ಮಗಳು ಎದ್ದು ಕುಣಿದಳು. ಇದನ್ನೇ ಮೊದಲ ಸಾಲು ಮಾಡುತ್ತಾಳಂತೆ. ಕೆಂಟಕಿ ನಮಗೆ ನದಿಯ ಆಚೆ ದಡ. ವಾರಕ್ಕೊಮ್ಮೆ ಸೇತುವೆ ದಾಟಿ ದಿನಸಿ ತರಲು ಹೋಗುತ್ತೇವೆ. ಆ ನದಿಯೇ ಗಡಿ ಅನ್ನುವುದು ಇಷ್ಟು ವರ್ಷ ತಲೆಗೆ ಹೋಗಿರಲಿಲ್ಲ.

ಅಡುಗೆಮನೆ_ಅಕ್ಕ
ತಡವಾಗಿ ಬಂದೆ. ದಕ್ಷಿಣ ಅಂದರೆ ಊಟ ಬಿಟ್ಟುಬಿಟ್ಟಿರಲ್ಲ! ಕ್ಯಾರೊಲಿನಾ ಕರಾವಳಿ ಹತ್ತಿಗಿಂತ ಮುಂಚೆ ಶ್ರೀಮಂತ ಆಗಿದ್ದು ಭತ್ತದಿಂದ. ಗದ್ದೆಗೆ ನೀರು ಕಟ್ಟಿ ಬಿಡುವ ವಿದ್ಯೆ ಪಶ್ಚಿಮ ಆಫ್ರಿಕಾದ ಜನರಿಗೆ ಮೊದಲೇ ಗೊತ್ತಿತ್ತು. ಬೆಂಡೆಕಾಯಿ, ಅಲಸಂದೆ ಎಲ್ಲಾ ಅವರ ಜೊತೆಗೇ ಬಂದದ್ದು. ಅಲ್ಲಿ ಹೊಸ ವರ್ಷಕ್ಕೆ ಅಲಸಂದೆ ಹಾಕಿದ ಅನ್ನ ಮಾಡುತ್ತಾರೆ, ಹಾಪಿನ್ ಜಾನ್ ಅಂತ.

ಗದಗಿನ_ಹತ್ತಿ
ಅಲಸಂದೆ ಅನ್ನಕ್ಕೆ ಒಗ್ಗರಣೆ ಏನು ಹಾಕುತ್ತಾರೆ?

ಅಡುಗೆಮನೆ_ಅಕ್ಕ
ಹಂದಿಮಾಂಸ.

ಗದಗಿನ_ಹತ್ತಿ
ಹಾಗಾದರೆ ಬೇಡ. ನಮಗೆ ಸಾಸಿವೆ, ಬೆಳ್ಳುಳ್ಳಿ ಸಾಕು.

ಓಹಾಯೋ_ಅಪ್ಪ
ಸುದ್ದಿ ತಿಳಿಸಲು ಬಂದೆ. ಮಗಳು ಹಾಳೆಯ ಹಿಂದೆ ಮುಂದೆ ಬರೆದು, ಸಾಲದೆ ಇನ್ನೊಂದು ಹಾಳೆ ಅಂಟಿಸಿ ಕೊಟ್ಟಳು. ಶಾಲೆಯ ಮೇಷ್ಟ್ರು ಡೆಲವೇರ್ ಎಲ್ಲಿ ಅಂತ ಕೇಳಿದ್ದಾರೆ. ನಡುಗೆರೆ ಮೇಲೇ ಬರೆದಿದ್ದಳಂತೆ. ಸಹೋದ್ಯೋಗಿಗೆ ಮಾರಿಲ್ ಕಾಯ್ದೆಯ ತಾರೀಕು ಹೇಳಿದೆ. "ನೋಡಿ ಹೇಳುತ್ತೇನೆ" ಅಂದರು. ಮೂರು ದಿನ ಆಯಿತು, ಆ ಮಾತು ಎತ್ತಿಲ್ಲ. ನಿನ್ನೆ ಮನೆಯಲ್ಲಿ ಮಾಡಿದ ಪೀಕನ್ ಪೈ ತಂದುಕೊಟ್ಟರು.

ವಕೀಲ_ಸಾಹೇಬ್
ಪೈ ತಿಂದಿರಾ? ಹಾಗಾದರೆ ಕೇಸು ರಾಜಿಯಾಯಿತು.

ಓಹಾಯೋ_ಅಪ್ಪ
ಎರಡು ತುಂಡು ತಿಂದೆ, ಸಾರ್.

ರೈಲುಹುಚ್ಚ
ಗೇಜ್ ಬಗ್ಗೆ ಹೊಸ ಎಳೆ ತೆರೆದಿದ್ದೇನೆ. ಬನ್ನಿ.